ಹಳೆಯ ಮೋಟಾರು ಎಂಜಿನಿನ ಮೂಲನಿರ್ಣಯ: ವಿಯೆನ್ನಾದ ಮಾರ್ಕುಸ್ ಬಂಡಿಯ ವಿಚಾರ

ಶಾಸನ, ನಾಣ್ಯ, ದಫ್ತರುಗಳು ಇತಿಹಾಸದ ಆಧಾರಗಳೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ಯಂತ್ರವೂ ಅಂಥದೊಂದು ಆಧಾರವೆಂದರೆ ಹುಬ್ಬೇರಿಸುವವರುಂಟು. ಎರಕ ಹೊಯ್ದ ಕಬ್ಬಿಣದ ಎಂಜಿನು ತಾನು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಹುಟ್ಟಿತೆಂಬುದನ್ನು ಬಾಯಿಬಿಟ್ಟು ಹೇಳಲಾರದು. ಆದರೆ ಕೇಳುವ ಕ್ರಮವನ್ನು ತಿಳಿದವನಿಗೆ ಅದು ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಆ ಕ್ರಮವನ್ನು ಸ್ಥೂಲವಾಗಿ ವಿವರಿಸಿ, ಬಳಿಕ ವಿಯೆನ್ನಾ ನಗರದ ವಸ್ತುಸಂಗ್ರಹಾಲಯವೊಂದರಲ್ಲಿರುವ ಒಂದು ಎಂಜಿನಿನ ಕಾಲ ಮತ್ತು ಸ್ಥಳಗಳ ನಿರ್ಣಯ ಹೇಗೆ ನಡೆಯಿತು, ಅದರ ಸುತ್ತ ಎಂತಹ ವಿವಾದ ಬೆಳೆದಿತ್ತು ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಬಂಡಿಯ ಹೆಸರು ಯಾವುದೋ ಎಂಜಿನೂ ಅದೇ ಕಾರ್ಖಾನೆಯದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಮೋಟಾರು ಬಂಡಿಗಳ ಆರಂಭಕಾಲಕ್ಕೆ ಈ ಮಾತು ಸಲ್ಲುವುದಿಲ್ಲ. ಫ್ರಾನ್ಸಿನ ದ ದಿಯೋನ್ ಬೂತೋನ್ ಕಾರ್ಖಾನೆಯ ಎಂಜಿನುಗಳನ್ನು ಕೊಂಡು ತಮ್ಮ ಬಂಡಿಗಳಿಗೆ ಕೂಡಿಸಿಕೊಂಡ ತಯಾರಕರು ಯುರೋಪಿನಲ್ಲಿ ಅನೇಕರಿದ್ದರು. 1898ರಲ್ಲಿ ಲೂಯಿ ರೆನೋ ಕಟ್ಟಿದ ಮೊದಲ ಬಂಡಿಯಲ್ಲಿದ್ದುದೂ ದ ದಿಯೋನ್ ಎಂಜಿನೇ. ಜರ್ಮನಿಯ ಡೈಮ್ಲರನ ಎಂಜಿನನ್ನು ಪ್ಯಾರಿಸಿನ ಪನಾರ್ ಮತ್ತು ಲೆವಾಸೋರ್ ಸಂಸ್ಥೆ ಅನುಮತಿ ಪಡೆದು ತಯಾರಿಸಿತು. ಅದನ್ನೇ ಪೂಜೋ ಸಂಸ್ಥೆ ಕೊಂಡು ತನ್ನ ಮೊದಲ ಪೆಟ್ರೋಲ್ ಬಂಡಿಗಳಲ್ಲಿ ಬಳಸಿತು. ಆದುದರಿಂದ ಬಂಡಿಯ ಮೂಲ ಬೇರೆ, ಎಂಜಿನಿನ ಮೂಲ ಬೇರೆ. ಅಷ್ಟೇ ಅಲ್ಲದೆ, ವಿನ್ಯಾಸದ ಮೂಲವೊಂದು, ತಯಾರಿಕೆಯ ಮೂಲ ಮತ್ತೊಂದು ಆಗಿರಬಹುದು.

ಹಾಗಾದರೆ ಗುರುತಿಸುವುದು ಯಾವುದರಿಂದ? ರಿವೆಟ್ಟು ಹೊಡೆದು ಕೂರಿಸಿದ ಹೆಸರಿನ ಫಲಕವನ್ನು ಎಲ್ಲರೂ ಮೊದಲು ನೋಡುತ್ತಾರೆ. ಅದನ್ನು ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಸುಲಭವಾದುದರಿಂದ ಅದಕ್ಕೆ ಕೊಡಬೇಕಾದ ಬೆಲೆ ಅತ್ಯಲ್ಪ. ಎರಕದ ಅಚ್ಚಿನಲ್ಲಿಯೇ ಮೂಡಿ ಲೋಹದೊಡನೆ ಹುಟ್ಟಿದ ಉಬ್ಬಕ್ಷರಗಳು ಇದಕ್ಕಿಂತ ನಂಬಿಕೆಗೆ ಅರ್ಹ. ಸಿಲಿಂಡರಿನ ಒಳವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರವನ್ನು ಅಳೆದು, ಅವು ಅಂಗುಲಗಳಲ್ಲಿ ಸರಿಸಂಖ್ಯೆಗೆ ಬರುತ್ತವೆಯೋ ಮಿಲಿಮೀಟರುಗಳಲ್ಲಿಯೋ ಎಂದು ನೋಡಿದರೆ ನಕ್ಷೆ ಬರೆದವನ ದೇಶದ ಸುಳಿವು ಸಿಗುತ್ತದೆ. ಇವೆಲ್ಲಕ್ಕಿಂತಲೂ ನಮಗೆ ಸ್ವಾರಸ್ಯವಾಗಿ ಕಂಡುದು ಬೋಲ್ಟಿನ ಥ್ರೆಡ್ಡು, ಎಂದರೆ ಅದರ ಮೈಮೇಲೆ ಕೊರೆದ ಸುರುಳಿಗೆರೆ. ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ಮಾದರಿಯಲ್ಲಿ ಈ ಗೆರೆಯ ಕೋನ 55 ಅಂಶ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಮುಂದಿಟ್ಟ ಮಾದರಿಯಲ್ಲಿ 60 ಅಂಶ. ಯುರೋಪು ಖಂಡದ ಕಾರ್ಖಾನೆಗಳಲ್ಲಿ ಗೆರೆಗಳ ನಡುವಣ ಅಂತರವನ್ನು ಮಿಲಿಮೀಟರಿನಿಂದ ಎಣಿಸುತ್ತಿದ್ದರು. ಶಾಸನತಜ್ಞನಿಗೆ ಅಕ್ಷರದ ತಲೆಕಟ್ಟು ಹೇಗೋ ಹಾಗೆ ಇದು. ಕೆತ್ತಿದವನು ಹೆಸರು ಹೇಳದಿದ್ದರೂ ಅವನ ಕೈ ಯಾವ ಕಡೆಯದೆಂಬುದು ಅದರಲ್ಲಿ ಉಳಿದಿರುತ್ತದೆ.

ಇದಕ್ಕೊಂದು ನಿದರ್ಶನ ಇಂಗ್ಲೆಂಡಿನ ಮಾರಿಸ್ ಕೌಲಿ ಬಂಡಿ. ಮಾರಿಸ್ ಎಂಬ ಹೆಸರು ನಮ್ಮವರಿಗೆ ಹೊಸದಲ್ಲ. ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ 1957ರಿಂದ 2014ರವರೆಗೆ ತಯಾರಿಸಿದ ಅಂಬಾಸಡರ್ ಕಾರು ಮಾರಿಸ್ ಆಕ್ಸ್‌ಫರ್ಡಿನ ವಂಶದ್ದು. ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ವಿಲಿಯಂ ಮಾರಿಸ್ ಬಂಡಿಗಳನ್ನು ಕಟ್ಟತೊಡಗಿದಾಗ ಎಂಜಿನುಗಳನ್ನು ಕವೆಂಟ್ರಿಯ ಒಂದು ಕಾರ್ಖಾನೆಯಿಂದ ಕೊಳ್ಳುತ್ತಿದ್ದನು. ಇನ್ನೂ ಅಗ್ಗದ ಬಂಡಿಯನ್ನು ಮಾಡುವ ಹವಣಿಕೆಯಿಂದ 1914ರಲ್ಲಿ ಅಮೆರಿಕಕ್ಕೆ ಹೋಗಿ, ಡೆಟ್ರಾಯಿಟಿನ ಕಾಂಟಿನೆಂಟಲ್ ಸಂಸ್ಥೆಯ ಎಂಜಿನು ಬಹು ಕಡಿಮೆ ಬೆಲೆಗೆ ದೊರೆಯುವುದೆಂದು ಕಂಡು ಅದನ್ನು ತರಿಸಿದನು. 1915ರ ಕೌಲಿ ಬಂಡಿಯಲ್ಲಿದ್ದುದು ಈ ಅಮೆರಿಕನ್ ಎಂಜಿನು. ಯುದ್ಧ ಮುಗಿಯುವಷ್ಟರಲ್ಲಿ ಕಾಂಟಿನೆಂಟಲ್ ಆ ಎಂಜಿನಿನ ತಯಾರಿಕೆಯನ್ನು ಕೈಬಿಟ್ಟಿತ್ತು. ಆಗ ಮಾರಿಸ್ ಅದೇ ಎಂಜಿನಿನ ಪ್ರತಿರೂಪವನ್ನು ಮಾಡಿಕೊಡಲು ಒಪ್ಪಿಸಿದುದು ಹಾಚ್‌ಕಿಸ್ ಎಂಬ ಫ್ರೆಂಚ್ ಆಯುಧ ತಯಾರಕರ ಕವೆಂಟ್ರಿ ಶಾಖೆಯನ್ನು. ಯುದ್ಧಕಾಲದಲ್ಲಿ ಮೆಷಿನ್‌ಗನ್ನುಗಳಿಗಾಗಿ ಸ್ಥಾಪಿತವಾದ ಆ ಶಾಖೆಯ ಯಂತ್ರೋಪಕರಣಗಳೆಲ್ಲ ಮಿಲಿಮೀಟರ್ ಲೆಕ್ಕದವು. ಥ್ರೆಡ್ಡುಗಳನ್ನು ಫ್ರೆಂಚ್ ಮಾನದಲ್ಲಿಯೇ ಕೊರೆದರು. ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದ ಸ್ಪ್ಯಾನರುಗಳಿಗೆ ಹೊಂದಲೆಂದು ಬೋಲ್ಟಿನ ತಲೆಗಳನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು! ಮಾರಿಸ್ 1923ರಲ್ಲಿ ಆ ಕಾರ್ಖಾನೆಯನ್ನೇ ಕೊಂಡನು. ಆಮೇಲೂ ಬಹುಕಾಲ ಅಲ್ಲಿನ ಎಂಜಿನುಗಳಲ್ಲಿ ಈ ಸಂಕರ ಥ್ರೆಡ್ಡು ಮುಂದುವರಿಯಿತು.

ಬಂಡಿಯಿಂದ ಬೇರ್ಪಟ್ಟು, ಫಲಕ ಕಳೆದುಕೊಂಡ ಅಂಥದೊಂದು ಎಂಜಿನು ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿತೆನ್ನಿ. ಸ್ಪ್ಯಾನರು ಇಟ್ಟವನು ಇಂಗ್ಲಿಷಿನದೆನ್ನುವನು. ನಟ್ಟನ್ನು ತಿರುಗಿಸಿ ತೆಗೆದವನು ಫ್ರೆಂಚಿನದೆನ್ನುವನು. ಒಳಗಿನ ವಿನ್ಯಾಸವನ್ನು ಕಂಡವನು ಅಮೆರಿಕದ್ದೆನ್ನುವನು. ಮೂವರೂ ಒಂದೊಂದು ಪಾಲು ಸರಿ. ಈ ಮೂರು ಸಾಕ್ಷ್ಯಗಳನ್ನು ಕಾರ್ಖಾನೆಯ ಚರಿತ್ರೆಯೊಡನೆ ಹೊಂದಿಸಿದಾಗಲೇ ಪೂರ್ಣ ಸಂಗತಿ ಹೊರಬರುವುದು.

ಮಾರಿಸ್ ಎಂಜಿನಿನ ವಿಷಯದಲ್ಲಿ ಸುಳ್ಳು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಆದುದರಿಂದ ಅಲ್ಲಿನ ತೊಡಕು ಕೇವಲ ಯಾಂತ್ರಿಕವಾದುದು. ‘ಮೊದಲನೆಯದು ಯಾರದು’ ಎಂಬ ಪ್ರಶ್ನೆ ಹುಟ್ಟಿದಲ್ಲಿ ದೇಶಾಭಿಮಾನ, ದ್ವೇಷಗಳು ಸಾಕ್ಷ್ಯದೊಳಕ್ಕೆ ನುಸುಳುತ್ತವೆ. ವಿಯೆನ್ನಾದ ಎಂಜಿನಿಗೆ ಒದಗಿದುದು ಈ ಗತಿ.

ಸೀಗ್‌ಫ್ರೀಡ್ ಮಾರ್ಕುಸ್ 1831ರಲ್ಲಿ ಉತ್ತರ ಜರ್ಮನಿಯ ಮಾಲ್ಷಿನ್ ಎಂಬ ಊರಿನಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಜನಿಸಿದನು. ಬರ್ಲಿನ್ನಿನಲ್ಲಿ ಸೀಮೆನ್ಸ್ ಮತ್ತು ಹಾಲ್ಸ್‌ಕೆ ಸಂಸ್ಥೆಯಲ್ಲಿ ಕೆಲಸ ಮಾಡಿ, 1852ರಲ್ಲಿ ವಿಯೆನ್ನಾಕ್ಕೆ ಬಂದನು. 1860ರಲ್ಲಿ ಅಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ತಂತಿ ವರ್ತಮಾನದ ಉಪಕರಣಗಳು, ದೀಪಗಳು, ದೂರದಿಂದ ಸಿಡಿಮದ್ದಿಗೆ ವಿದ್ಯುತ್ ಕಿಡಿ ಕೊಡುವ ಸಾಧನ ಮುಂತಾದ ನಾನಾ ವಸ್ತುಗಳಿಗೆ ಪೇಟೆಂಟು ಪಡೆದ ಈತ ಮುಖ್ಯವಾಗಿ ವಿದ್ಯುತ್ತಿನ ಮನುಷ್ಯ. ಕಿಡಿಯನ್ನು ಬಲ್ಲವನಾದುದರಿಂದಲೇ ಎಂಜಿನಿನ ಕಡೆಗೆ ತಿರುಗಿದನೆಂದು ಊಹಿಸಿದರೆ ತಪ್ಪಾಗಲಾರದು.

ಮಾರ್ಕುಸನ ಹೆಸರಿನೊಡನೆ ಎರಡು ಬಂಡಿಗಳು ಸೇರಿವೆ. ಇವೆರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವುದು ಅವಶ್ಯಕ. ಗೊಂದಲದ ಬಹುಭಾಗ ಇಲ್ಲಿಂದಲೇ ಹೊರಟಿದೆ. ಮೊದಲನೆಯದು ಸುಮಾರು 1870ರದು: ಸಾಧಾರಣ ಕೈಗಾಡಿಯೊಂದರ ಮೇಲೆ ದ್ರವ ಇಂಧನದಿಂದ ನಡೆಯುವ ಎಂಜಿನನ್ನು ಕೂರಿಸಿ ಮಾಡಿದ ಪ್ರಯೋಗ. ಅದು ಉಳಿದಿಲ್ಲ, ಛಾಯಾಚಿತ್ರ ಮಾತ್ರ ಉಳಿದಿದೆ. ಎರಡನೆಯದು ಮರದ ಚೌಕಟ್ಟಿನ, ಆಸನಗಳುಳ್ಳ, ತಿರುಗಿಸುವ ಚಕ್ರದಿಂದ ದಾರಿ ಬದಲಿಸಬಲ್ಲ ನಿಜವಾದ ಬಂಡಿ. ಇದು ಇಂದಿಗೂ ವಿಯೆನ್ನಾದ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿದೆ. ವಿವಾದವೆಲ್ಲ ಈ ಎರಡನೆಯದನ್ನು ಕುರಿತದ್ದು.

ಇದರ ಎಂಜಿನನ್ನು ತುಸು ವಿವರವಾಗಿ ನೋಡೋಣ. ಅಡ್ಡಲಾಗಿ ಮಲಗಿಸಿದ ಒಂದೇ ಸಿಲಿಂಡರು. ಗಾತ್ರ ಸುಮಾರು 1,570 ಘನ ಸೆಂಟಿಮೀಟರು. ಶಕ್ತಿ ಒಂದು ಅಶ್ವಶಕ್ತಿಗೂ ಕಡಿಮೆ. ವೇಗ ಗಂಟೆಗೆ ಆರೆಂಟು ಕಿಲೋಮೀಟರು, ಎಂದರೆ ಚುರುಕಾಗಿ ನಡೆಯುವವನು ಜೊತೆಗೆ ಹೋಗಬಹುದಾದಷ್ಟು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಉಪಾಯ ವಿಲಕ್ಷಣವಾದುದು. ತಿರುಗುತ್ತಿರುವ ಒಂದು ಬ್ರಷ್ಷು ಪೆಟ್ರೋಲಿನಲ್ಲಿ ಅದ್ದಿ ಬಂದು ಅದನ್ನು ಸಣ್ಣ ತುಂತುರಾಗಿ ಗಾಳಿಗೆ ಸಿಡಿಸುತ್ತದೆ. ಸಿಲಿಂಡರಿನೊಳಗೆ ಎರಡು ಲೋಹದ ತುದಿಗಳು ಕೂಡಿ ಅಗಲುವಾಗ ಹುಟ್ಟುವ ಕಿಡಿಯಿಂದ ಈ ಮಿಶ್ರಣ ಹೊತ್ತಿಕೊಳ್ಳುತ್ತದೆ. ಕಿಡಿಗೆ ಬೇಕಾದ ವಿದ್ಯುತ್ತನ್ನು ಅಯಸ್ಕಾಂತದ ಯಂತ್ರವೊಂದು ಒದಗಿಸುತ್ತದೆ. ಸಿಲಿಂಡರಿನ ಶಾಖವನ್ನು ನೀರು ಹೀರುತ್ತದೆ. ಈ ಎಂಜಿನು ನಾಲ್ಕು ಹೊಡೆತಗಳ ಕ್ರಮದಲ್ಲಿ ನಡೆಯುವಂಥದು: ಪಿಸ್ಟನ್ ಮೊದಲ ಸಲ ಮಿಶ್ರಣವನ್ನು ಒಳಕ್ಕೆಳೆಯುತ್ತದೆ, ಎರಡನೆಯ ಸಲ ಅದನ್ನು ಒತ್ತುತ್ತದೆ, ಮೂರನೆಯ ಸಲ ಸ್ಫೋಟದಿಂದ ತಳ್ಳಲ್ಪಡುತ್ತದೆ, ನಾಲ್ಕನೆಯ ಸಲ ಹೊಗೆಯನ್ನು ಹೊರದೂಡುತ್ತದೆ. ಕಾಲನಿರ್ಣಯದ ಕೀಲಿ ಇರುವುದು ಈ ನಾಲ್ಕು ಹೊಡೆತಗಳಲ್ಲಿ.

ಈ ಕ್ರಮದಲ್ಲಿ ಬಾಳಿಕೆಯ ಎಂಜಿನನ್ನು ಮೊದಲು ನಡೆಸಿ ತೋರಿಸಿದವನು ಜರ್ಮನಿಯ ನಿಕೊಲಾಸ್ ಆಟೊ, 1876ರಲ್ಲಿ. ಮುಂದಿನ ವರ್ಷ ಅದಕ್ಕೆ ಪೇಟೆಂಟೂ ಆಯಿತು. ಕಾರ್ಲ್ ಬೆಂಟ್ಸ್ ತನ್ನ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟಿಗಾಗಿ ಅರ್ಜಿಯಿಟ್ಟುದು 1886ರ ಜನವರಿ 29ರಂದು. ಡೈಮ್ಲರನ ನಾಲ್ಕು ಚಕ್ರದ ಬಂಡಿಯೂ ಅದೇ ವರ್ಷದ್ದು. ಆದರೆ ಮಾರ್ಕುಸನ ಎರಡನೆಯ ಬಂಡಿಯನ್ನು 1898ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿಟ್ಟಾಗ ಅದು 1870ರ ದಶಕದ್ದೆಂಬ ಮಾತು ಹೊರಟಿತು. ಅದೇ ವರ್ಷ ಮಾರ್ಕುಸ್ ತೀರಿಕೊಂಡುದರಿಂದ ಅವನನ್ನು ಕೇಳಿ ತಿದ್ದಿಕೊಳ್ಳುವ ಅವಕಾಶವೂ ಹೋಯಿತು. ಕ್ರಮೇಣ 1875 ಎಂಬ ವರ್ಷ ನೆಲೆಯೂರಿ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಇದು ನಿಜವಾದರೆ ಮಾರ್ಕುಸ್ ಬೆಂಟ್ಸನಿಗಿಂತ ಹನ್ನೊಂದು ವರ್ಷ, ಆಟೊಗಿಂತ ಒಂದು ವರ್ಷ ಮುಂಚಿನವನಾಗುತ್ತಾನೆ. ಮೋಟಾರು ಬಂಡಿಯ ಜನ್ಮಸ್ಥಾನ ಜರ್ಮನಿಯಿಂದ ಆಸ್ಟ್ರಿಯಕ್ಕೆ ಸರಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯವನ್ನು ಕಳೆದುಕೊಂಡು ಚಿಕ್ಕದಾಗಿದ್ದ ದೇಶಕ್ಕೆ ಈ ಹಿರಿಮೆ ಎಷ್ಟು ಪ್ರಿಯವಾಗಿದ್ದೀತೆಂಬುದನ್ನು ಹೇಳಬೇಕಾಗಿಲ್ಲ. 1932ರಲ್ಲಿ ವಿಯೆನ್ನಾದ ತಾಂತ್ರಿಕ ವಿದ್ಯಾಪೀಠದ ಎದುರಿನ ಉದ್ಯಾನದಲ್ಲಿ ಮಾರ್ಕುಸನಿಗೊಂದು ಸ್ಮಾರಕ ಎದ್ದಿತು.

1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯವನ್ನು ನುಂಗಿತು. ಯೆಹೂದಿ ಮೂಲದವನಾದ ಮಾರ್ಕುಸನ ಸ್ಮಾರಕವನ್ನು ಅದೇ ವರ್ಷ ತೆಗೆದುಹಾಕಿದರು. ಮುಂದೆ 1940ರ ಜುಲೈಯಲ್ಲಿ ಬರ್ಲಿನ್ನಿನ ಪ್ರಚಾರ ಮಂತ್ರಿಶಾಖೆಯಿಂದ ಡೈಮ್ಲರ್ ಬೆಂಟ್ಸ್ ಸಂಸ್ಥೆಗೆ ಒಂದು ಪತ್ರ ಹೋಯಿತು. ಮೈಯರ್ ಮತ್ತು ಬ್ರೋಕ್‌ಹೌಸ್ ವಿಶ್ವಕೋಶಗಳ ಪ್ರಕಾಶಕರಿಗೆ, ಮೋಟಾರು ಬಂಡಿಯ ನಿರ್ಮಾತೃಗಳೆಂದು ಇನ್ನು ಮುಂದೆ ಮಾರ್ಕುಸನನ್ನಲ್ಲದೆ ಡೈಮ್ಲರ್, ಬೆಂಟ್ಸರನ್ನು ಹೆಸರಿಸಬೇಕೆಂದು ಸೂಚನೆ ಕೊಡಲಾಗಿದೆ ಎಂಬುದು ಅದರ ಸಾರ. ಇದರಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಎಂಜಿನನ್ನು ಯಾರೂ ಬಿಚ್ಚಿ ನೋಡಲಿಲ್ಲ. ಯಾವ ಕಾಗದವನ್ನೂ ಪರಿಶೀಲಿಸಿದುದಾಗಿ ಹೇಳಲಿಲ್ಲ. ಕಾಲದ ವಿಷಯ ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಒಬ್ಬನ ಹುಟ್ಟನ್ನು ನೋಡಿ ಅವನ ಕೆಲಸವನ್ನು ಗ್ರಂಥಗಳಿಂದ ಅಳಿಸಿದರು, ಅಷ್ಟೆ.

ಯುದ್ಧ ಮುಗಿದ ಬಳಿಕ, 1948ರಲ್ಲಿ, ಸ್ಮಾರಕ ಮತ್ತೆ ತನ್ನ ಸ್ಥಾನಕ್ಕೆ ಬಂದಿತು. 1950ರ ಏಪ್ರಿಲಿನಲ್ಲಿ ಆ ಬಂಡಿಯನ್ನು ವಿಯೆನ್ನಾದ ಬೀದಿಯಲ್ಲಿ ಓಡಿಸಿಯೂ ತೋರಿಸಿದರು. ಬಂಡಿ ಓಡಿತೆಂಬುದರಿಂದ ಎಂಜಿನು ಸಮರ್ಥವೆಂದು ಸಿದ್ಧವಾಯಿತೇ ಹೊರತು ಅದು ಯಾವ ವರ್ಷದ್ದೆಂದು ಸಿದ್ಧವಾಗಲಿಲ್ಲ. ಆದರೆ ಅನ್ಯಾಯ ಸರಿಹೋಯಿತೆಂಬ ಸಮಾಧಾನದಲ್ಲಿ 1875ನ್ನು ಪ್ರಶ್ನಿಸುವುದು ಆಗ ಅಷ್ಟು ಸುಲಭವಾಗಿರಲಿಲ್ಲವೆಂದು ತೋರುತ್ತದೆ.

ಪ್ರಶ್ನೆ ಬಂದುದು 1960ರ ದಶಕದಲ್ಲಿ. ಗುಸ್ತಾವ್ ಗೋಲ್ಡ್‌ಬೆಕ್ ಅವರು 1961ರಲ್ಲಿ ಮಾರ್ಕುಸನ ಜೀವನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ವಿಯೆನ್ನಾದ ಹಾನ್ಸ್ ಸೆಪರ್ ಅವರೂ ಇದೇ ವಿಷಯದಲ್ಲಿ ಶೋಧಿಸಿದರು. ಇಂಥ ಪರಿಶೋಧನೆಯಿಂದ ಹೊರಪಟ್ಟ ಸಂಗತಿಯೆಂದರೆ, ಬಂಡಿ ಕಟ್ಟಲ್ಪಟ್ಟುದು ವಿಯೆನ್ನಾದಲ್ಲಿಯೇ ಅಲ್ಲ. ಮಾರ್ಕುಸ್ 1887ರಿಂದ ಮೆರ್ಕಿ, ಬ್ರೊಮೊವ್‌ಸ್ಕಿ ಮತ್ತು ಶುಲ್ಟ್ಸ್ ಎಂಬ ಸಂಸ್ಥೆಯೊಡನೆ ಕೂಡಿ ಕೆಲಸ ಮಾಡುತ್ತಿದ್ದನು. ಆ ಸಂಸ್ಥೆಯ ಕಾರ್ಖಾನೆ ಇದ್ದುದು ಮೊರಾವಿಯದ ಆದಮೊವ್‌ನಲ್ಲಿ. ಆಗ ಆಸ್ಟ್ರಿಯ ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಈಗ ಚೆಕ್ ಗಣರಾಜ್ಯದಲ್ಲಿ ಬ್ರನೊ ನಗರದ ಸಮೀಪದಲ್ಲಿದೆ. ಮಾರ್ಕುಸನ ವಿನ್ಯಾಸದ ಎಂಜಿನುಗಳನ್ನು ಅವರು ತಯಾರಿಸಿ ಮಾರುತ್ತಿದ್ದರು. ಬಂಡಿಯನ್ನೂ 1888–89ರಲ್ಲಿ ಅವರೇ ಕಟ್ಟಿದರು. ಇಂದು ವಸ್ತುಸಂಗ್ರಹಾಲಯವೂ ಇದೇ ಕಾಲವನ್ನು ಅಂಗೀಕರಿಸಿದೆ.

ಕಾಗದಪತ್ರಗಳ ಈ ಸಾಕ್ಷ್ಯಕ್ಕೆ ಎಂಜಿನಿನ ಮೈ ಒಪ್ಪುತ್ತದೆಯೆ? ಒಪ್ಪುತ್ತದೆಂಬುದೇ ನಮ್ಮ ಅಭಿಪ್ರಾಯ. ಆಟೊನ ಪೇಟೆಂಟು ಜಾರಿಯಲ್ಲಿದ್ದಷ್ಟು ಕಾಲ ನಾಲ್ಕು ಹೊಡೆತಗಳ ಎಂಜಿನನ್ನು ಇತರರು ಮಾಡಿ ಮಾರುವುದು ಅಪಾಯದ ಕೆಲಸವಾಗಿತ್ತು. ಫ್ರಾನ್ಸಿನ ಬೋ ದ ರೋಷಾ ಎಂಬಾತ 1862ರಲ್ಲಿಯೇ ಈ ತತ್ವವನ್ನು ಬರೆದಿಟ್ಟಿದ್ದನೆಂಬುದು ಬಯಲಾಗಿ, 1886ರ ಜನವರಿಯಲ್ಲಿ ಜರ್ಮನ್ ನ್ಯಾಯಾಲಯ ಆ ಪೇಟೆಂಟನ್ನು ಅಸಿಂಧುಗೊಳಿಸಿತು. ಮರುವರ್ಷವೇ ಮಾರ್ಕುಸನ ಮತ್ತು ಆದಮೊವ್ ಕಾರ್ಖಾನೆಯ ಸಹಕಾರ ಮೊದಲಾಯಿತು. ಎರಡು ಹೊಡೆತಗಳ ಎಂಜಿನುಗಳ ಜೊತೆಗೆ ನಾಲ್ಕು ಹೊಡೆತಗಳವನ್ನೂ ಅವರು ಮಾರಾಟಕ್ಕಿಟ್ಟರು. ಈ ಅನುಕ್ರಮ ಆಕಸ್ಮಿಕವೆನ್ನುವುದು ಕಷ್ಟ. ಬ್ರಷ್ಷಿನ ಕಾರ್ಬುರೇಟರು ಮತ್ತು ಎಂಜಿನಿನ ಕಿಡಿಯ ವ್ಯವಸ್ಥೆಗಳೂ ಮಾರ್ಕುಸ್ 1880ರ ದಶಕದ ಆದಿಯಲ್ಲಿ ಪಡೆದ ಪೇಟೆಂಟುಗಳ ಕಾಲದವಾಗಿ ಕಾಣುತ್ತವೆ.

ಇದಕ್ಕೆ ನಾವು ಮತ್ತೊಂದು ಯುಕ್ತಿಯನ್ನು ಸೇರಿಸಬಯಸುತ್ತೇವೆ. ಆಟೊನ ಪೇಟೆಂಟನ್ನು ಮುರಿಯಲು ಅವನ ಪ್ರತಿಸ್ಪರ್ಧಿಗಳು ಹಳೆಯ ನಿದರ್ಶನಗಳಿಗಾಗಿ ಎಲ್ಲೆಡೆ ತಡಕಾಡಿದರು. ಮರೆತುಹೋಗಿದ್ದ ಬೋ ದ ರೋಷಾನ ಕಿರುಹೊತ್ತಗೆ ಹೊರಬಂದುದು ಹಾಗೆ. ಮ್ಯೂನಿಕ್ ನಗರದ ರೀಟ್‌ಮಾನ್ ಎಂಬ ಗಡಿಯಾರದ ಕೆಲಸದವನ ಹೆಸರು ಮುಂದಕ್ಕೆ ಬಂದುದೂ ಹಾಗೆಯೇ. ವಿಯೆನ್ನಾದಂಥ ರಾಜಧಾನಿಯಲ್ಲಿ 1875ರಲ್ಲಿಯೇ ನಾಲ್ಕು ಹೊಡೆತಗಳ ಎಂಜಿನುಳ್ಳ ಬಂಡಿಯೊಂದು ಇದ್ದಿದ್ದರೆ, ಆ ವ್ಯಾಜ್ಯದಲ್ಲಿ ಅದಕ್ಕಿಂತ ಬಲವಾದ ಸಾಕ್ಷಿ ಬೇರೊಂದಿರಲಿಲ್ಲ. ಮೌನವನ್ನು ಸಾಕ್ಷ್ಯವೆಂದು ಹಿಡಿಯುವುದು ದುರ್ಬಲ ಮಾರ್ಗವೆಂಬುದನ್ನು ನಾವು ಬಲ್ಲೆವು. ಆದರೆ ಲಾಭಕ್ಕಾಗಿ ಹುಡುಕುವವರ ಕಣ್ಣಿಗೂ ಬೀಳದ ವಸ್ತುವಿನ ಅಸ್ತಿತ್ವವನ್ನು ಶಂಕಿಸುವುದು ನ್ಯಾಯವೇ.

ಕನ್ನಡ ನಾಡಿನ ಇತಿಹಾಸವನ್ನು ಓದುವವರಿಗೆ ಈ ಬಗೆಯ ವಾದ ಅಪರಿಚಿತವಲ್ಲ. ಪಶ್ಚಿಮ ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಅವರು ಲಿಪಿ, ಕಾಲಸೂಚನೆಗಳ ಬಲದಿಂದ ವಾದಿಸಿದರು. ಲೂಯಿ ರೈಸ್ ಅವರು ಅವನ್ನು ಎತ್ತಿಹಿಡಿದರು. ಮುಂದಿನ ವಿದ್ವಾಂಸರು ಕೆಲವನ್ನು ಬಿಟ್ಟರು, ಕೆಲವನ್ನು ಉಳಿಸಿಕೊಂಡರು. ಆದರೆ ಒಂದು ತಾಮ್ರಪಟ ಕೂಟವೆಂದಾದ ಮಾತ್ರಕ್ಕೆ ಗಂಗರೇ ಇರಲಿಲ್ಲವೆಂದು ಯಾರೂ ಹೇಳಲಿಲ್ಲ.

ತರಗತಿಯಲ್ಲಿ ನಾವು ಮಾರ್ಕುಸನ ವಿಷಯವನ್ನು ಹೇಳಿದಾಗ ವಿದ್ಯಾರ್ಥಿಯೊಬ್ಬನು ಎದ್ದು, “ಹಾಗಾದರೆ ನಾಜಿಗಳು ಮಾಡಿದ್ದೇ ಸರಿಯಾಯಿತಲ್ಲವೇ, ಸಾರ್?” ಎಂದು ಕೇಳಿದನು. ಆ ದಿನ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಕರವಾಗಿರಲಿಲ್ಲ. ಈ ಲೇಖನಕ್ಕೆ ಒಂದು ಮಟ್ಟಿಗೆ ಆ ಪ್ರಶ್ನೆಯೇ ಕಾರಣ. 1940ರ ಆಜ್ಞೆ ಎರಡನೆಯ ಬಂಡಿಯ ಕಾಲವನ್ನು ತಿದ್ದಲಿಲ್ಲ. ಅದು ಮಾರ್ಕುಸನ ಹೆಸರನ್ನೇ ತೆಗೆಯಿತು. ಹೆಸರಿನೊಡನೆ 1870ರ ಕೈಗಾಡಿಯೂ ಬ್ರಷ್ಷಿನ ಕಾರ್ಬುರೇಟರೂ ಕಿಡಿಯ ಯಂತ್ರವೂ ಹೋದವು. ಇವುಗಳಲ್ಲಿ ಒಂದನ್ನಾದರೂ 1960ರ ದಶಕದ ಸಂಶೋಧಕರು ಅವನಿಂದ ಕಸಿದುಕೊಳ್ಳಲಿಲ್ಲ. ಬೆಂಟ್ಸನ ಬಂಡಿ ಇದಕ್ಕಿಂತ ಮುಂಚಿನದೆಂಬ ತೀರ್ಮಾನ ಎರಡು ಕಡೆಯೂ ಒಂದೇ ಆಗಿ ಕಂಡರೂ, ಒಂದು ಪತ್ತೆಹಚ್ಚಿ ಹೇಳಿದುದು, ಇನ್ನೊಂದು ಆಜ್ಞೆ ಹೊರಡಿಸಿ ಹೇಳಿಸಿದುದು. ಅನ್ಯಾಯಕ್ಕೊಳಗಾದವನ ಪರವಾಗಿ ತಪ್ಪು ವರ್ಷವನ್ನು ಉಳಿಸಿಕೊಳ್ಳಬೇಕೆಂಬ ಭಾವನೆ ವಿಯೆನ್ನಾದಲ್ಲಿ ಕೆಲವರಿಗೆ ಆಮೇಲೂ ಇದ್ದಿತು. ಅದರ ಹಿಂದಿನ ಸಂಕಟ ನಮಗೆ ಅರ್ಥವಾಗುತ್ತದೆ. ಅದನ್ನು ಒಪ್ಪಲು ಮಾತ್ರ ನಮ್ಮಿಂದ ಆಗುವುದಿಲ್ಲ.

ಹೊಸ ಕಾಲನಿರ್ಣಯದ ಬೆಳಕಿನಲ್ಲಿ ಗಮನ ಹರಿಯಬೇಕಾದುದು ಎರಡನೆಯ ಬಂಡಿಗಿಂತಲೂ ಮೊದಲನೆಯ ಕೈಗಾಡಿಯ ಕಡೆಗೆ. ದ್ರವ ಇಂಧನದ ಎಂಜಿನಿನಿಂದ ಗಾಡಿಯೊಂದನ್ನು ಚಲಿಸುವಂತೆ ಮಾಡಿದ ಅತಿ ಹಳೆಯ ಪ್ರಯತ್ನಗಳಲ್ಲಿ ಅದೂ ಒಂದು. ಅದಕ್ಕೆ ಗೇರುಗಳಿಲ್ಲ, ಕೂರಲು ಪೀಠವೂ ಇಲ್ಲ. ಎರಡನೆಯ ಬಂಡಿಯ ಎಂಜಿನನ್ನು ಮುಟ್ಟಿ, ಅಳೆದು, ಬಿಚ್ಚಿ ನೋಡಬಹುದು. ಕೈಗಾಡಿಯದನ್ನು ಛಾಯಾಚಿತ್ರದಲ್ಲಿ ಕಾಣುವಷ್ಟೇ ಕಾಣಬೇಕು.